ಬಿಸಲಿಗೆ ಹಾಕಿದ ಅರಬಿ

ನಮ್ಮ ಮನ್ಯಾಗ ಈ ಸಂಗತಿಗೆ ಅದರ ಖರೇ ಹೆಸರು ಒಂದು ಬಿಟ್ಟು ಉಳದದ್ದೆಲ್ಲಾ ಹೆಸರು ಇದ್ದವು. ಕಾಗಿ ಮುಟ್ಟೇದ, ಕಡಿಗಾಗ್ಯಾಳ, ಹೊರಗಾಗ್ಯಾಳ, ದೂರ ಕೂತಾಳ. ನಾವು ಕಾಲೇಜಿಗೆ ಹೋಗೂ ಕಾಲಕ್ಕ ಇಂಗ್ಲೀಷಿನ 'ಡೇಟ್' ಬಂತು, ಈಗಿನ ಹುಡುಗ್ಯಾರು 'ಪೀರಿಯಡ್ಸ್' ಅಂತಾರ. ಮುಟ್ಟು ಅನ್ನೋ ಎರಡಕ್ಷರದ ಶಬ್ದ ನಮ್ಮವ್ವನ ಬಾಯಾಗ ನಾ ಎಂದೂ ಕೇಳಿಲ್ಲ. ನಮ್ಮಣ್ಣ ಸಣ್ಣಾಂವ ಇದ್ದಾಗ "ಆ ಕಾಗಿ ಅವ್ವಗ, ಕಾಕುಗ ಅಷ್ಟ ಯಾಕ ಮುಟ್ಟತದ, ಅಪ್ಪಗ ಯಾಕ ಮುಟ್ಟಂಗಿಲ್ಲ?" ಅಂತ ಪಡಸಾಲ್ಯಾಗ ನಾಲ್ಕು ಮಂದಿ ಮುಂದ ಕೇಳಿ ಬೆನ್ನಿಗೆ ಗುದ್ದು ತಿಂದಿದ್ದ. ಮರುದಿನ ಕೋಲು ಹಿಡಕೊಂಡು ಹಿತ್ತಲದಾಗ ಕಾಗಿ ಕಾಯಲಿಕ್ಕೆ ನಿಂತ. ಅವಗ ಅವ್ವನ ಕೈ ಅಡಗಿನ ಬೇಕು, ಆ ನಾಲ್ಕು ದಿನ ಅಪ್ಪನ ಸಪ್ಪನ ಸಾರು ಉಂಡು ಬ್ಯಾಸರ ಆಗಿತ್ತು.

ಆ ಅಣ್ಣನ ದೊಡ್ಡ ಮಗಳು ಈಗ ಧಾರವಾಡದಾಗ ಚಿತ್ರಕಲಾ ಓದತಾಳ, ಕಡೀ ವರ್ಷ. ಹೋದ ತಿಂಗಳು ಕಾಲೇಜಿನ ಪ್ರದರ್ಶನದಾಗ ಆಕಿ ಮಾಡಿ ಇಟ್ಟದ್ದನ್ನ ನಿಮ್ಮೊಳಗ ಭಾಳ ಮಂದಿ ಫೋಟೋದಾಗ ನೋಡೀರಿ. ಕಣ್ಣಾರೆ ನೋಡಿದವರು ಕಡಿಮಿ. ಅದಕ್ಕ ಮೊದಲು ಅದು ಹೆಂಗಿತ್ತು ಅಂತ ಹೇಳತೇನಿ.

ಗ್ವಾಡಿಯಿಂದ ಗ್ವಾಡಿಗೆ ಒಂದು ನಾರಿನ ಹಗ್ಗ ಬಿಗದಿತ್ತು. ಹಗ್ಗದ ಮ್ಯಾಲೆ ನಮ್ಮವ್ವನ ಹಸರು ಇಳಕಲ್ ಸೀರಿ, ಒಣಾ ಹಾಕಿದಂಗ ಉದ್ದಕ ಹರವಿತ್ತು. ಮೊದಲಿಗೆ ಅಷ್ಟ ಕಾಣತದ. ಬಾಜೂಕ ಒಂದು ಚೀಟಿ, 'ಸೀರಿ ಸರಸಿ ನೋಡ್ರಿ' ಅಂತ. ಸರಸಿದ್ರ ಅದ ಹಗ್ಗಕ್ಕ ಹನ್ನೆರಡು ಅರಬಿ ತುಂಡು. ಅವ್ವಂದು, ನಂದು, ವೈನಿದು ಹಳೇ ನೂಲಿನ ಸೀರಿ ಹರದು, ನಾಲ್ಕು ಪದರು ಮಾಡಿ, ಕೌದಿ ಹೊಲದಂಗ ಸಣ್ಣ ಸಣ್ಣ ಹೊಲಗಿ ಹಾಕ್ಯಾಳ. ಬಿಳೇ ದಾರದ ಹೊಲಗಿ ನಡುವ ಕೆಂಪು ದಾರ. ಒಂದರಾಗ ಅಂಗೈಯಷ್ಟು ಕೆಂಪು, ಒಂದರಾಗ ನಾಲ್ಕೇ ಹೊಲಗಿ. ಎರಡು ತುಂಡು ಪೂರಾ ಬಿಳೇವ. ಯಾಕ ಅಂತ ಕೇಳಿದ್ರ "ಅತ್ಯಾ, ಕೆಲವು ತಿಂಗಳು ಬರೂದ ಇಲ್ಲಲಾ" ಅಂದ್ಲು. ಹೌದು, ಆಕಿ ಗೆಳತ್ಯಾರೊಳಗ ಅರ್ಧಾ ಮಂದಿಗೆ ಅದ ಚಿಂತಿ.

ರಕ್ತ ಅಲ್ರಿ, ದಾರ. ಪ್ಯಾಟ್ಯಾಗ ಸಿಗೋ ಕೆಂಪು ದಾರ.

ಫೋಟೋ ನಮ್ಮ ಮನಿತನದ ವಾಟ್ಸಾಪ್ ಗ್ರೂಪಿಗೆ ಬಂತು. ಮುಂದಿಂದು ಗ್ರೂಪಿನಾಗ ಇದ್ದವರಿಗೆ ಗೊತ್ತದ, ಬಾಜೂ ಮನಿಯವರಿಗೆ ಹೇಳತೇನಿ. ಒಬ್ಬರು ಕೈ ಮುಗದ ಗೊಂಬಿ ಹಾಕಿದ್ರು. ಅದು ನಮಸ್ಕಾರನೋ 'ಸಾಕು ಮಾಡವ್ವಾ'ನೋ ತಿಳೀಲಿಲ್ಲ. ಒಬ್ಬರು "ಇದಕ್ಕ ಕಲಾ ಅಂತಾರೇನು?" ಅಂದ್ರು. ಇನ್ನೊಬ್ಬರು "ನಾಳೆ ಹುಡುಗಿ ಲಗ್ನ ಆಗಬೇಕು, ಗಂಡಿನ ಕಡಿಯವರು ಹೆಸರು ಹಾಕಿ ಹುಡುಕಿದ್ರ ಏನು ಸಿಗಬೇಕು?" ಅಂದ್ರು. ನಮ್ಮ ಸಣ್ಣ ಕಾಕು ಏನೂ ಬರೀಲಿಲ್ಲ, ಸೀದಾ ಗ್ರೂಪ್ ಬಿಟ್ರು. (ಕಾಕು, ಗ್ರೂಪ್ ಬಿಟ್ರೂ ನೀವು ಇದನ್ನ ಓದತೀರಿ ಅಂತ ನನಗ ಗೊತ್ತದ. ಕಡೀತನಕ ಓದ್ರಿ, ನಿಮ್ಮ ಕಡೆ ಒಂದು ಕೆಲಸದ.) ಅಣ್ಣಗ ಯಾರೋ ಫೋನೂ ಮಾಡಿದ್ರು. ಕಾಗಿ ಕಾಯಲಿಕ್ಕೆ ಕೋಲು ಹಿಡಕೊಂಡು ನಿಂತಿದ್ದ ನಮ್ಮಣ್ಣ, ಈಗ ಐವತ್ತೊಂಬತ್ತರಾಗ, ಮಗಳಿಗೆ "ಕಡೀ ಪರೀಕ್ಷಾಕ್ಕ ವಿಷಯ ಬದಲು ಮಾಡು, ಹಂಪಿ ಕಲ್ಲಿನ ತೇರು ಬರಿ" ಅಂದಾನ. ಆಕಿ ಮಾಡಂಗಿಲ್ಲ ಅಂದಾಳ. ಹದಿನೈದು ದಿನದಿಂದ ಅಪ್ಪ ಮಗಳು ಮಾತು ಬಿಟ್ಟಾರ. ಹುಡುಗಿ ನನ್ನ ಕೋಣ್ಯಾಗ ಹೊಲಕೋತ ಕೂತಾಳ.

ಗ್ರೂಪಿನಾಗ ಉದ್ದಕ ಬರದ್ರ ಯಾರೂ ಓದಂಗಿಲ್ಲ. ಅದಕ್ಕ 'ಇದಕ್ಕ ಕಲಾ ಅಂತಾರೇನು' ಅನ್ನೋದಕ್ಕ ಇಲ್ಲೆ ಉತ್ತರ ಬರೀಲಿಕತ್ತೇನಿ.

ಐವತ್ತು ವರ್ಷದ ಹಿಂದಿನಿಂದ ಅಂತಾರ. ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಜೂಡಿ ಶಿಕಾಗೋ, ಮಿರಿಯಂ ಶಪಿರೋ ಅಂತ ಇಬ್ಬರು ಕಲಾವಿದೆಯರು ಹೆಣ್ಣು ಹುಡುಗ್ಯಾರಿಗೆ ಕಲಾ ಕಲಸತಿದ್ರು. ಅವರಿಗೆ ಕಾಲೇಜಿನಾಗ ಸರಿಯಾದ ಜಾಗಾ ಇರಲಿಲ್ಲ. ಲಾಸ್ ಏಂಜಲಿಸ್ ಊರಿನ ಹಾಲಿವುಡ್ ಭಾಗದಾಗ ಒಂದು ಪಾಳು ಬಿದ್ದ ಮನಿ ಹಿಡದ್ರು. ಹದಿನೇಳು ಕೋಣಿ, ಒಡದ ಕಿಟಕಿ, ನಳದಾಗ ನೀರಿಲ್ಲ. ಹುಡುಗ್ಯಾರ ತಾವ ಗಾಜು ಕೂಡಿಸಿ, ಗ್ವಾಡಿ ತಿಕ್ಕಿ, ಬಣ್ಣಾ ಬಳದು ರಿಪೇರಿ ಮಾಡಿದ್ರು. ಆಮ್ಯಾಲೆ ಒಂದೊಂದು ಕೋಣಿ ಒಬ್ಬೊಬ್ಬರು ಹಂಚಿಕೊಂಡ್ರು. 1972ರ ಜನವರಿ 30ರಿಂದ ಫೆಬ್ರುವರಿ 28ರ ತನಕ ಆ ಮನಿ ಮಂದಿಗೆ ತೆರದಿಟ್ರು. ಹೆಸರು 'ವುಮನ್‌ಹೌಸ್', ಹೆಂಗಸರ ಮನಿ ಅಂದ್ಕೋರಿ.

ಆ ಮನಿ ಫೋಟೋ ನೋಡಿದ್ರ ನನಗ ಅಮೆರಿಕಾ ಅನ್ನಸಲಿಲ್ಲ. ಅಡಗಿ ಮನಿ ಪೂರಾ ಗುಲಾಬಿ ಬಣ್ಣ, ಮ್ಯಾಲಿನ ಮಾಳಗಿಗೆ ಕರದ ತತ್ತಿ ಅಂಟಿಸ್ಯಾರ, ಅವು ಗ್ವಾಡಿ ಮ್ಯಾಲೆ ಇಳಕೋತ ಇಳಕೋತ ಹೆಂಗಸಿನ ಮೊಲಿ ಆಗತಾವ. ಅಂದ್ರ ಉಣಸೂದು ಮತ್ತ ಆಕಿ ಮೈ ಬ್ಯಾರೆ ಬ್ಯಾರೆ ಉಳದಿಲ್ಲ. ಇನ್ನೊಂದು ಕಡೆ ಹಾಸಗಿ ಅರಬಿ ಮಡಚಿ ಇಡೋ ಕಪಾಟು. ಕಪಾಟಿನ ಹಲಗಿಗಳ ನಡುವ ಒಂದು ಹೆಣ್ಣಿನ ಗೊಂಬಿ ನಿಂತದ, ಹಲಗಿ ಆಕಿ ಮೈಯನ್ನ ಅಡ್ಡಡ್ಡ ಕೊಯ್ದಂಗ ಹಾಯ್ದಾವ, ಒಂದು ಕಾಲು ಹೊರಗ ಇಟ್ಟಾಳ. ನಮ್ಮ ಕಪಾಟಿನ ಮುಂದ ನಿಂತಾಗೆಲ್ಲಾ ಈಗ ನನಗ ಆ ಕಾಲು ನೆನಪಾಗತದ. ಮೆಟ್ಟಲ ಮ್ಯಾಲೆ ಮದುಮಗಳ ಗೊಂಬಿ, ಆಕಿ ಬಿಳೇ ಲಂಗದ ಉದ್ದನ ಜೋಲು ಮೆಟ್ಟಲ ಇಳಕೋತ ಬರೂದ್ರಾಗ ಮಾಸಿ ಬೂದಿ ಬಣ್ಣ ಆಗೇದ. ಸಂಜೀಕ ಒಬ್ಬಾಕಿ ಮಂದಿ ಮುಂದ ನೆಲಾ ತಿಕ್ಕತಿದ್ಲು, ಒಬ್ಬಾಕಿ ಇಸ್ತ್ರಿ ಮಾಡತಿದ್ಲು. ಅಷ್ಟ, ಅದ ನಾಟಕ. ನೋಡಲಿಕ್ಕೆ ಬಂದ ಗಂಡಸರಿಗೆ ಎಷ್ಟು ಹೊತ್ತು ಕೂಡಲಿಕ್ಕೆ ಆತೋ ಏನೋ.

ಆ ಮನ್ಯಾಗ ಒಂದು ಬಚ್ಚಲ ಜೂಡಿ ಶಿಕಾಗೋ ಮಾಡಿದ್ದು. ಪೂರಾ ಬಿಳೇದು, ದವಾಖಾನಿಗಿಂತಾ ಬಿಳೇದು. ಮ್ಯಾಲೆ ಹಲಗಿ ಮ್ಯಾಲೆ ಪ್ಯಾಡಿನ ಡಬ್ಬಿ, ಸುವಾಸನಿ ಸಾಮಾನು, ಎಲ್ಲಾ ಓರಣದಾಗ. ಕೆಳಗ ಕಸದ ಬುಟ್ಟಿ, ಅದರಾಗ ಬಳಸಿದ್ದು ತುಂಬಿ ಹೊರಗ ಚೆಲ್ಲೇದ. ಇಡೀ ಕೋಣ್ಯಾಗ ಅದೊಂದ ಕೆಂಪು. ಒಳಗ ಕಾಲಿಡಂಗಿಲ್ಲ, ಬಾಗಲಕ್ಕ ತೆಳ್ಳಗಿನ ಜಾಳಿಗಿ ಪರದೆ ಕಟ್ಟಿತ್ತು. ಪರದೆದಾಗಿಂದನ ಇಣಕಿ ನೋಡಬೇಕು.

ಹೊರಗಿನವರು ಅದನ್ನ ನೋಡಿ ಹೌಹಾರಿದ್ರು ಅಂತ ಎಲ್ಲಾರೂ ಬರೀತಾರ. ನನಗ ಬ್ಯಾರೆ ಒಂದು ಅನ್ನಸ್ತು. ಆ ಬುಟ್ಟಿ ಅಲ್ಲೆ ಹೋಗಿ ನೋಡಿದ ಒಬ್ಬ ಹೆಂಗಸಿಗೂ ಹೊಸಾದಲ್ಲ. ಎಲ್ಲಾರ ಮನ್ಯಾಗೂ ಇರೂದು, ಪೇಪರಿನಾಗ ಸುತ್ತಿ, ಕರೀ ಚೀಲದಾಗ ಹಾಕಿ, ಮ್ಯಾಲೆ ಉಳ್ಳಾಗಡ್ಡಿ ಸಿಪ್ಪಿ ಹಾಕಿ ಮುಚ್ಚೂದು. ಶಿಕಾಗೋ ಮಾಡಿದ್ದು ಇಷ್ಟ, ಸಿಪ್ಪಿ ತಗದ್ಲು. ಅದಕ್ಕಿಂತಾ ಮೊದಲು, 1971ರಾಗ, 'ರೆಡ್ ಫ್ಲ್ಯಾಗ್' ಅಂತ ಒಂದು ಚಿತ್ರ ಅಚ್ಚು ಹಾಕಿಸಿದ್ಲು. ಹೆಂಗಸು ತನ್ನ ಮೈಯೊಳಗಿಂದ ಟ್ಯಾಂಪನ್, ಒಳಗ ಇಟ್ಕೊಳ್ಳೋ ಹತ್ತಿ ಸುರುಳಿ, ಹೊರಗ ತಗೀತಿರೂ ಚಿತ್ರ. ಅದು ಏನಂತನ ಕೆಲವರಿಗೆ ಗುರುತು ಹತ್ತಲಿಲ್ಲಂತ. ದಿನಾ ಕೋಟಿಗಟ್ಟಲೆ ಹೆಂಗಸರು ಮಾಡೂ ಕೆಲಸ, ಚಿತ್ರದಾಗ ಮೊದಲನೇ ಸಲ ಬಂದ್ರ ಗುರುತು ಹೆಂಗ ಹತ್ತಬೇಕು?

ನಮ್ಮ ಹುಡುಗಿಗೆ ಈ ಬಚ್ಚಲದ ಸುದ್ದಿ ಕಾಲೇಜಿನ ಪಾಠದಾಗ ಬಂದಿತ್ತಂತ. ಆ ಪರದೆ, ಈ ಸೀರಿ, ಎರಡೂ ಒಂದ ಜಾತಿ. ಆದ್ರ ಸೀರಿ ವಿಚಾರ ಅಮೆರಿಕಾದ್ದಲ್ಲ, ನಮ್ಮ ಹಿತ್ತಲದ್ದು. ಅದಕ್ಕ ಆಮ್ಯಾಲೆ ಬರತೇನಿ.

ಚಿಲಿ ದೇಶದ ಕಾರಿನಾ ಊಬೇಡಾ ಅನ್ನೋ ಹುಡುಗಿ ಇನ್ನೂ ನಮ್ಮ ಸಮೀಪ. ಆಕಿ ಐದು ವರ್ಷ ತಾನು ಬಳಸಿದ ಅರಬಿ ತುಂಡು ಒಗದು ಬಿಸಾಕಲಿಲ್ಲ, ತಗದಿಟ್ಲು. 2013ರಾಗ ಕಿಲ್ಯೋಟಾ ಅನ್ನೋ ಊರಾಗ ಆ ತೊಂಬತ್ತು ತುಂಡು ಕಸೂತಿ ಹಾಕೋ ರಿಂಗಿಗೆ ಸಿಗಿಸಿ ಮ್ಯಾಲಿಂದ ಇಳಿ ಬಿಟ್ಲು. ಕಲಿ ಕೆಳಗ ಕಸೂತಿಯಿಂದ ಒಂದೊಂದು ಶಬ್ದ ಹೊಲದಿದ್ಲು. ನಡುನಡುವ ಸೇಬುಹಣ್ಣು ಕಟ್ಟಿದ್ಲು, ಅಂಡ ಅಂತ ತಿಳಕೋಬೇಕು. ಅದರ ಫೋಟೋ ನೋಡಿ ನನಗೂ ಮೈ ಝುಂ ಅಂತು, ಸುಳ್ಳು ಯಾಕ ಹೇಳಲಿ. ರಕ್ತದಿಂದನ ಚಿತ್ರಾ ಬರಿಯೋರೂ ಇದ್ದಾರ, ನಮ್ಮ ದೇಶದಾಗೂ ಇದ್ದಾರ. ಅದು ನನ್ನ ಮನಸಿಗೆ ಅಷ್ಟು ಹಿಡಸಂಗಿಲ್ಲ. ರಕ್ತ ಅದ ಅನ್ನೋದ ದೊಡ್ಡ ಮಾತಾಗಿ, ಚಿತ್ರದಾಗ ಏನದ ಅಂತ ಯಾರೂ ನೋಡೂದಿಲ್ಲ. ದಾರ ಬ್ಯಾರೆ. ದಾರ ಹಿಡದು ಕೂತಾಕಿ ಗಂಟಗಟ್ಟಲೆ ಆ ಜಾಗಾ ನೋಡಿರತಾಳ.

ಆಮ್ಯಾಲೆ ರೂಪಿ ಕೌರ್. ಪಂಜಾಬಿನಾಗ ಹುಟ್ಟಿ ಕೆನಡಾದಾಗ ಬೆಳದ ಹುಡುಗಿ, ಈಗ ಕವಿತಾದ ಪುಸ್ತಕದಿಂದ ಭಾಳ ಹೆಸರಾಗ್ಯಾಳ. 2015ರಾಗ ಕಾಲೇಜಿನ ಪಾಠಕ್ಕಂತ ತಂಗಿ ಜೋಡಿ ಕೂಡಿ ಕೆಲವು ಫೋಟೋ ತಗದ್ಲು. ಒಂದರಾಗ ಆಕಿ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ, ಬೆನ್ನು ನಮ್ಮ ಕಡೆ, ಮೈ ತುಂಬಾ ಅರಬಿ ಅದ. ಪ್ಯಾಂಟಿನ ಮ್ಯಾಲೆ ಒಂದು ಕಲಿ, ಹಾಸಗಿ ಮ್ಯಾಲೆ ಒಂದು ಕಲಿ. ಇನ್ನುಳದ ಫೋಟೋದಾಗ ಹೊಟ್ಟಿ ಮ್ಯಾಲೆ ಬಿಸಿನೀರಿನ ಚೀಲ, ಅರಬಿ ಒಗಿಯೋ ಮಷೀನು. ಇನ್‌ಸ್ಟಾಗ್ರಾಂನವರು ಆ ಮಲಗಿದ ಫೋಟೋ ತಗದು ಹಾಕಿದ್ರು. ಆಕಿ ಮತ್ತ ಹಾಕಿದ್ಲು, ಮತ್ತ ತಗದ್ರು. ಆಕಿ ಬಿಡಲಿಲ್ಲ, ಜಗತ್ತಿಗೆಲ್ಲಾ ಹೇಳಿದ್ಲು. ಆವಾಗ 'ತಪ್ಪಿ ತಗದಿದ್ವಿ' ಅಂತ ಕ್ಷಮಾ ಕೇಳಿ ತಿರುಗಿ ಹಾಕಿದ್ರು. ಅದ ಇನ್‌ಸ್ಟಾಗ್ರಾಂನಾಗ ಅರೆಬತ್ತಲೆ ಹುಡುಗ್ಯಾರ ಫೋಟೋ ಹೊಳಿಯಂಗ ಹರೀತಾವ. ಮೈ ಕಂಡ್ರ ತ್ರಾಸಿಲ್ಲ, ಮೈ ತಿಂಗಳಿಗೊಮ್ಮೆ ಮಾಡೂ ಕೆಲಸ ಕಾಣಬಾರದು.

ಈಗ ಹಿತ್ತಲಕ್ಕ ಬರ್ರಿ.

ಹಳೇ ನೂಲಿನ ಸೀರಿಗೆ ನಮ್ಮ ಮನ್ಯಾಗ ಒಂದು ಸರತಿ ಇತ್ತು. ಮೆತ್ತಗಾದ ಮ್ಯಾಲೆ ಛಲೋ ಭಾಗ ಕೂಸಿನ ತೊಟ್ಟಲಕ್ಕ, ಕುಂಚಿಗಿಗೆ. ಆಮ್ಯಾಲೆ ಗಟ್ಟಿ ಇದ್ದದ್ದು ಕೌದಿಗೆ. ಉಳದದ್ದು 'ಆ ಅರಬಿ'ಗೆ. ಅದರ ಗಂಟು ಬಚ್ಚಲ ಮಾಡದಾಗ, ಕಟಗಿ ಹಿಂದ. ಒಗಿಯೂದು ಎಲ್ಲಾರೂ ಏಳೂಕಿಂತಾ ಮೊದಲು. ಒಣಾ ಹಾಕೂದು ಹಿತ್ತಲದ ಕಡೀ ಹಗ್ಗಕ್ಕ, ಮ್ಯಾಲೆ ಒಂದು ಸೀರಿ ಹರವಿ, ಗಂಡಸರ ಕಣ್ಣಿಗೆ ಬೀಳಬಾರದು. ಬಿಸಲು ಹೆಂಗ ಹತ್ತಬೇಕು ಅದಕ್ಕ? ಧಾರವಾಡದ ಆಷಾಢ ಶ್ರಾವಣದ ಜಿಟಿಜಿಟಿ ಮಳಿ ನಿಮಗ ಗೊತ್ತದ, ಮೂರು ದಿನಾ ಅರಬಿ ಆರಂಗಿಲ್ಲ. ಹಸೀದನ್ನ ಕಟಿಗೋಬೇಕು. ತೊಡಿ ಸಂದ್ಯಾಗ ಹುಣ್ಣು, ತುರಿಕಿ. ನಡದು ಬರೂ ರೀತಿ ನೋಡಿದ್ರ ಗೊತ್ತಾಗತಿತ್ತು, ಆದ್ರ ಯಾರೂ ಕೇಳತಿರಲಿಲ್ಲ. ಕೊಬ್ಬರಿ ಎಣ್ಣಿ ಬಟ್ಟಲಾ ಸುಮ್ನ ಬಚ್ಚಲಕ್ಕ ಸರಸತಿದ್ರು. ಬಿಸಲಾಗ ಖಡಕ್ ಒಣಗಿದ ಅರಬಿಯಷ್ಟು ಸ್ವಚ್ಛ ಯಾವುದೂ ಇಲ್ಲ, ಡಾಕ್ಟರೂ ಅದನ್ನ ಹೇಳತಾರ. ನಾವು ಹಪ್ಪಳಾ ಸಂಡಿಗಿ, ಕೆಂಪು ಮೆಣಸಿನಕಾಯಿ ಎಲ್ಲಾ ಬಿಸಲಿಗೆ ಹಾಕಿದ್ವಿ, ಮೈಗೆ ಹಚ್ಚೋ ಅರಬಿ ಒಂದನ್ನ ನೆರಳಾಗ ಇಟ್ವಿ.

ನಮ್ಮ ಮೌಶಿ ಕಥಿ ಆಕೀನ್ನ ಕೇಳಿನ ಬರೀಲಿಕತ್ತೇನಿ. "ಬರಿ, ನನ್ನ ಹೆಸರು ಹಾಕಬ್ಯಾಡ, ಊರೂ ಹಾಕಬ್ಯಾಡ" ಅಂದಾಳ. ನಲವತ್ತಾರರಾಗ ಆಕಿಗೆ ಶುರು ಆತು, ತಿಂಗಳದಾಗ ಹತ್ತು ದಿನಾ, ಹದಿನೈದು ದಿನಾ. ಮೂರು ವರ್ಷ ಯಾರ ಮುಂದೂ ಬಾಯಿ ಬಿಡಲಿಲ್ಲ. ರಾತ್ರಿ ಎರಡು ಸಲ ಎದ್ದು ಅರಬಿ ಬದಲಿ ಮಾಡೂದು, ಹಾಸಗಿ ಮ್ಯಾಲೆ ಪ್ಲಾಸ್ಟಿಕ್ ಹಾಳಿ, ಬಾಜೂಕ ಮಲಗಿದ ಕಾಕಾಗ ಸುದ್ದಿ ಇಲ್ಲ. ಮೈ ಬಿಳಚಿಗೊಂಡದ್ದಕ್ಕ ಎಲ್ಲಾರೂ "ಬೆಳ್ಳಗ ಆಗೀಯಲಾ, ಏನು ಹಚ್ಚತೀ?" ಅಂತ ಚ್ಯಾಷ್ಟಿ ಮಾಡತಿದ್ವಿ. ದೀಪಾವಳಿ ಮುಂದ ಚಕ್ಕಲಿ ಕರಕೋತ ಕೂತಾಕಿ ಹಂಗ ವಾಲಿದ್ಲು, ಎಣ್ಣಿ ಬುಟ್ಟಿ ಒಂದು ಗೇಣು ಆಚಿಗಿತ್ತು. ದವಾಖಾನ್ಯಾಗ ನೋಡಿದ್ರ ಹೆಮೋಗ್ಲೋಬಿನ್ 5ಕ್ಕ ಇಳದದ. ಗರ್ಭಚೀಲದಾಗ ಗಡ್ಡಿ. ಮೂರು ಬಾಟಲಿ ರಕ್ತ ಹಾಕಿ, ಆಮ್ಯಾಲೆ ಆಪರೇಷನ್ ಮಾಡಿದ್ರು. ಯಾಕ ಹೇಳಲಿಲ್ಲ ಅಂದ್ರ "ಎಂಥಾದ್ದು ಅಂತ ಹೇಳಲೆವಾ, ಯಾವ ಶಬ್ದದಾಗ ಹೇಳಲಿ?" ಅಂದ್ಲು. ಮೌಶಿ ಬಿ.ಎ. ಪಾಸು, ದಿನಾ ಪೇಪರ್ ಓದತಾಳ. ಶಬ್ದ ಇರಲಿಲ್ಲ ಅಂದ್ರ ನಂಬತೀರೇನು? ನಾ ನಂಬತೇನಿ. ಕಾಗಿ ಮೂರು ವರ್ಷ ದಿನಾ ಮುಟ್ಟಿದ್ರ ಡಾಕ್ಟರ ಮುಂದ ಏನಂತ ಹೇಳೂದು?

'ನಮ್ಮ ಸಂಸ್ಕೃತಿ ಅಲ್ಲ ಇದು' ಅಂತನೂ ಗ್ರೂಪಿನಾಗ ಬಂದಿತ್ತು. ಯಾವ ನಮ್ಮ ಸಂಸ್ಕೃತಿ ಅಂತ ಸ್ವಲ್ಪ ನೋಡೋಣ್ರಿ. ಅಸ್ಸಾಮಿನ ಗುವಾಹಟಿಯ ಕಾಮಾಖ್ಯಾ ಗುಡಿಯೊಳಗ ಆಷಾಢದಾಗ ಅಂಬುಬಾಚಿ ಅಂತ ಜಾತ್ರಿ. ದೇವಿನ ಹೊರಗಾಗ್ಯಾಳ ಅಂತ ಮೂರು ದಿನಾ ಗುಡಿ ಬಾಗಲಾ ಹಾಕತಾರ, ಆಮ್ಯಾಲೆ ತೆರದಾಗ ಕೆಂಪು ಅರಬಿ ತುಂಡು ಪ್ರಸಾದ. ಅದಕ್ಕ ಲಕ್ಷಗಟ್ಟಲೆ ಮಂದಿ ಸಾಲು ಹಚ್ಚತಾರ, ತಲಿಗೆ ಒತ್ತಿಗೋತಾರ. ಒಡಿಶಾದಾಗ ಜೂನ್ ನಡುವ ರಜ ಹಬ್ಬ. ಭೂಮಿತಾಯಿ ಮುಟ್ಟಾಗ್ಯಾಳ ಅಂತ ಮೂರು ದಿನಾ ನೇಗಲಾ ಹೂಡಂಗಿಲ್ಲ, ಹುಡುಗ್ಯಾರು ಹೊಸಾ ಅರಬಿ ಹಾಕ್ಕೊಂಡು ಜೋಕಾಲಿ ಆಡತಾರ, ಅವರಿಗೆ ಕೆಲಸಾ ಹೇಳಂಗಿಲ್ಲ. ದೇವಿದಾದ್ರ ಪ್ರಸಾದ, ಭೂಮಿದಾದ್ರ ಹಬ್ಬ, ಮನಿ ಸೊಸಿದಾದ್ರ ಚಾಪಿ ಬ್ಯಾರೆ, ತಂಬಿಗಿ ಬ್ಯಾರೆ.

ಮತ್ತ ನಮ್ಮ ಕಡಿದ ಮಾತು. ಹನ್ನೆರಡನೇ ಶತಮಾನದಾಗ ಶರಣರು ಐದೂ ಸೂತಕ ಇಲ್ಲ ಅಂದ್ರು, ಅದರಾಗ ರಜಸ್ಸೂತಕ ಒಂದು. ನಮ್ಮ ಬಾಜೂ ಮನಿ ಅಕ್ಕಾರು ಆ ನಾಲ್ಕು ದಿನದಾಗೂ ಪೂಜಾ ಮಾಡತಿದ್ರು. "ಲಿಂಗ ಮೈಮ್ಯಾಲೆನ ಅದ, ಎಲ್ಲೆ ತಗದಿಡಲಿ?" ಅಂತಿದ್ರು. ಅವರ ಮನಿ ಭಕ್ಕರಿ ತಿಂದು ನಾವು ಬೆಳದೇವಿ, ಯಾರಿಗೂ ಏನೂ ಆಗಿಲ್ಲ. ಆದ್ರ ಅವರ ಸೊಸಿ ಈಗ ದೂರ ಕೂಡತಾಳಂತ, ತವರುಮನಿ ಪದ್ಧತಿ ಅಂತ. ಇನ್ನು ತುಮಕೂರು, ಚಿತ್ರದುರ್ಗದ ಕಡೆ ಗೊಲ್ಲರಹಟ್ಟಿಯೊಳಗ ಮುಟ್ಟಾದವರು, ಬಾಣಂತ್ಯಾರು ಹಟ್ಟಿ ಹೊರಗ ಗುಡಿಸಲದಾಗ ಇರಬೇಕು. 2023ರ ಜುಲೈ ಮಳ್ಯಾಗ ತುಮಕೂರಿನ ಹತ್ರ ಹಂಗ ಹೊರಗಿಟ್ಟ ಬಾಣಂತಿಯ ಹಸುಗೂಸು ಥಂಡಿಗೆ ಸತ್ತು ಪೇಪರಿನಾಗ ಬಂದಿತ್ತು. ಅದನ್ನ ಓದಿ ಯಾರೂ ಯಾವ ಗ್ರೂಪೂ ಬಿಟ್ಟದ್ದು ನನಗ ನೆನಪಿಲ್ಲ.

ಅಣ್ಣನ ಸಣ್ಣ ಮಗಳಿಗೆ ಈಗ ಹನ್ನೊಂದು. ಇವತ್ತೋ ನಾಳೆಯೋ ಅನ್ನಂಗ ಅದಾಳ. ಅವ್ವ ಈಗಿಂದನ ಅಂಟು ತರಿಸಿ ಇಟ್ಟಾಳ ಉಂಡಿಗಂತ. ಮಂಟಪಾ ಕಟ್ಟಿ, ಉಡಿ ತುಂಬಿ, ಆರತಿ ಮಾಡೂದು ಆಕಿ ಆಶಾ. ವೈನಿಗೆ ಬ್ಯಾಡ, "ಊರಿಗೆಲ್ಲಾ ಡಂಗುರಾ ಯಾಕ?" ಅಂತಾಳ. ನನಗೇನೋ ಎರಡೂ ಅರ್ಥ ಆಗತದ. ಒಂದು ದಿನಾ ಹೂ ಮುಡಿಸಿ ಪಾಟ ಹಾಕಿ ಕೂಡಿಸಿ ಹಾಡು ಹೇಳೂದು, ಮುಂದಿನ ತಿಂಗಳಿಂದ ನಲವತ್ತು ವರ್ಷ ಬಾಯಿ ಮುಚ್ಚಿಸೂದು, ಇದ್ಯಾವ ಲೆಕ್ಕ? ಸಣ್ಣಾಕಿ ಅಕ್ಕನ ಹಗ್ಗದ ಮುಂದ ನಿಂತು "ಇದು ನನಗೂ ಬರತದೇನು?" ಅಂತ ಕೇಳಿದ್ಲು. ಅಕ್ಕ ಹೌದು ಅಂದ್ಲು. "ಎಷ್ಟು?" ಅಂದ್ಲು. ಅಕ್ಕ ಒಂದೊಂದು ತುಂಡು ತೋರಿಸಿ, ಮೊದಲನೇ ದಿನಾ ಇಷ್ಟು, ಎರಡನೇ ದಿನಾ ಇಷ್ಟು, ಕಡೀಕ ಇಷ್ಟು ಅಂತ ಹೇಳಿದ್ಲು. "ನೋಯ್ತದೇನು?" ಅಂತ ಕೇಳಿದ್ದಕ್ಕ "ಹೊಟ್ಟಿ ನೋಯ್ತದ, ನಾ ಬಿಸಿನೀರಿನ ಚೀಲಾ ಕೊಡತೇನಿ" ಅಂದ್ಲು. ನಮಗ ಯಾರೂ ಹಿಂಗ ಹೇಳಿರಲಿಲ್ಲ. ನಾ ಏಳನೇತ್ತಾ ಇದ್ದಾಗ ಲಂಗಾ ನೋಡಿ, ನಾ ಸಾಯತೇನಿ ಅಂತ ತಿಳಕೊಂಡು ನನ್ನ ಗೊಂಬಿ ಸಾಮಾನೆಲ್ಲಾ ತಂಗಿಗೆ ಹಂಚಿ ಕೊಟ್ಟಿದ್ದೆ. ಆಕಿ ತಿರುಗಿ ಕೊಡಲೇ ಇಲ್ಲ.

ಪ್ರದರ್ಶನಕ್ಕ ಅವ್ವನ್ನ ನಾನ ಕರಕೊಂಡು ಹೋದೆ. ಎಂಬತ್ನಾಲ್ಕು ವರ್ಷ, ಮೊಣಕಾಲು ನೋವು, ಆಟೋದಿಂದ ಇಳಿಯೂದ ದೊಡ್ಡ ಕೆಲಸ. ಅಲ್ಲೆ ಕುರ್ಚಿ ಹಾಕಿಸಿ ಹಗ್ಗದ ಮುಂದ ಕೂಡಿಸಿದ್ವಿ. ಸೀರಿ ನೋಡಿದಕೂಡಲೇ ಗುರುತು ಹಿಡದ್ಲು, "ಇದು ನಿಮ್ಮಣ್ಣನ ಬಾಣಂತನದಾಗ ನಮ್ಮವ್ವ ತಂದದ್ದು." ಮೊಮ್ಮಗಳು ಸೀರಿ ಸರಸಿದ್ಲು. ಅವ್ವ ಏನೂ ಅನ್ನಲಿಲ್ಲ ಭಾಳ ಹೊತ್ತು. ನನ್ನ ಎದಿ ಢವಢವ ಅನ್ನಲಿಕತ್ತಿತ್ತು. ಆಮ್ಯಾಲೆ ಒಂದು ತುಂಡು ಕೈಯಾಗ ತಗೊಂಡು, ತಿರುಗಿಸಿ, ಹಿಂದಿನ ಹೊಲಗಿ ನೋಡಿದ್ಲು. ಹೊಲಗಿ ನೋಡಬೇಕಾದ್ರ ಅವ್ವ ಯಾವಾಗ್ಲೂ ಹಿಂದಿಂದನ ನೋಡೂದು.

"ನಾಲ್ಕು ಪದರು ಯಾತಕ್ಕ ಸಾಲತದವಾ? ಎರಡನೇ ದಿನಕ್ಕ ಆರರ ಬೇಕು. ಮತ್ತ ಕಸಿ ಎಲ್ಲೆ? ಹಿಂದ ಮುಂದ ಕಸಿ ಇಲ್ಲಂದ್ರ ಹೆಂಗ ಕಟಿಗೋತೀರಿ?"

ಹುಡುಗಿ ನೋಟಬುಕ್ ತಗದು ಬರಕೊಳ್ಳಲಿಕ್ಕೆ ಶುರು ಮಾಡಿದ್ಲು. ಆಕಿ ಗೆಳತ್ಯಾರು ನಾಲ್ಕೈದು ಮಂದಿ ಸುತ್ತ ನೆಲದ ಮ್ಯಾಲೆ ಕೂತ್ರು. ಅವ್ವ ತನ್ನ ಕರವಸ್ತ್ರ ತಗದು, ಹೆಂಗ ಮಡಚಬೇಕು, ದಡಿ ಯಾವ ಕಡೆ ಬರಬಾರದು, ತಣ್ಣೀರಾಗನ ಮೊದಲು ಯಾಕ ನೆನಸಬೇಕು, ಎಲ್ಲಾ ತೋರಿಸಿದ್ಲು. ಬಿಸಿನೀರು ಹಾಕಿದ್ರ ಕಲಿ ಕೂತ ಬಿಡತದ, ಇದು ನನಗೂ ಹೇಳಿರಲಿಲ್ಲ ಆಕಿ. ಅರವತ್ತು ವರ್ಷ ತಾ ಒಬ್ಬಾಕೀನ ಇಟ್ಕೊಂಡ ವಿದ್ಯಾ. ಒಬ್ಬ ಹುಡುಗ, ಆಕಿ ಕ್ಲಾಸಿನಾಂವ, ದೂರ ನಿಂತು ಕೇಳಲಿಕತ್ತಿದ್ದ. ಅವ್ವ ಅವನ್ನ ನೋಡಿ ಒಂದು ಗಳಿಗಿ ಸೆರಗು ಎಳಕೊಂಡ್ಲು. ಆಮ್ಯಾಲೆ "ನಿನಗೂ ಅಕ್ಕ ತಂಗ್ಯಾರು ಇದ್ದಾರಿಲ್ಲೋ ತಮ್ಮಾ, ಕೂಡು" ಅಂದ್ಲು. ಇಷ್ಟೆಲ್ಲಾದರಾಗೂ ಆ ಎರಡಕ್ಷರ ಮಾತ್ರ ಬಾಯಿಂದ ಬರಲಿಲ್ಲ. 'ಇದು' ಅಂತನ ಅಂದ್ಲು, ಕೈ ಮಾಡಿ. ಏಳೂಮುಂದ ಹಗ್ಗದ ಕಡೆ ನೋಡಿ, "ಹಿಂಗ ಮ್ಯಾಲೆ ಸೀರಿ ಹಾಕಿದ್ರ ಆರಂಗಿಲ್ಲವಾ, ನಮಗಂತೂ ಎಂದೂ ಆರಲಿಲ್ಲ" ಅಂದ್ಲು.

ಅಣ್ಣ ಇನ್ನೂ ಬಂದು ನೋಡಿಲ್ಲ. ನೋಡಿದ್ರ ಏನಂತಾನ ಅಂತ ನಾ ಹೇಳಲಾರೆ. ಹುಡುಗಿ ಅಂತೂ ಕಡೀ ಪರೀಕ್ಷಾದ ಕೆಲಸ ಶುರು ಮಾಡ್ಯಾಳ, ಅದು ಕಲ್ಲಿನ ತೇರಲ್ಲ.

ಈಗ ಕೆಲಸದ ಮಾತು. ಆಕಿ ಒಂದು ದೊಡ್ಡ ಕೌದಿ ಹೊಲೀಲಿಕತ್ತಾಳ, ಆರು ಮೊಳ 'ನಾಲ್ಕು ದಿನದ ಕೌದಿ'. ಅದಕ್ಕ ನಮ್ಮ ಮನಿತನದ, ನಮ್ಮ ಓಣಿಯ ಹೆಂಗಸರ ಹಳೇ ನೂಲಿನ ಸೀರಿ ಬೇಕು. ಪಾಲಿಸ್ಟರ್, ಜಾರ್ಜೆಟ್ ಬ್ಯಾಡ, ಸೂಜಿ ಹಿಡಿಯಂಗಿಲ್ಲ. ಪೂರಾ ಸೀರಿ ಕೊಡಲಿಕ್ಕೆ ಮನಸಿಲ್ಲಂದ್ರ ಸೆರಗಿನ ಒಂದು ಮೊಳ ಸಾಕು. ಒಗದು, ಬಿಸಲಾಗ ಒಣಗಿಸಿ ಕಳಸ್ರಿ. ಜೋಡಿ ಒಂದು ಚೀಟಿ ಇಡ್ರಿ, ಹೆಸರು ಬ್ಯಾಡ. ಮೊದಲನೇ ಸಲ ಎಷ್ಟನೇ ವರ್ಷಕ್ಕ ಆತು, ಆವಾಗ ಯಾರು ಏನು ಹೇಳಿದ್ರು, ಏನು ತಿನಸಿದ್ರು, ಎಲ್ಲೆ ಕೂಡಿಸಿದ್ರು, ಇಷ್ಟು ಬರೀರಿ. ಬರೀಲಿಕ್ಕೆ ಬ್ಯಾಸರ ಆದ್ರ ಫೋನ್ ಮಾಡ್ರಿ, ನಾ ಬರಕೋತೇನಿ. ಮೌಶಿ ಎರಡು ಸೀರಿ ಆಗಲೇ ಕೊಟ್ಟಾಳ. ಅವ್ವನ ಚೀಟಿ ಆಕಿ ಹೇಳಿದಂಗ ನಾನ ಬರದೇನಿ, ಎರಡು ಹಾಳಿ ಆತು. ಪಂಚಮಿ ಒಳಗ ನಮ್ಮ ಮನಿಗೆ ಮುಟ್ಟಿಸಿದ್ರ ಸಾಕು.

ಕಾಕು, ನಿಮ್ಮ ಆ ಕರೀ ಚಂದ್ರಕಾಳಿ ಇನ್ನೂ ಟ್ರಂಕಿನಾಗ ಅದಲಾ?